ನೆಲವಿಲ್ಲದ ಸೇನಾಪತಿ: ಜಾಂಗ್ ಶಿಯುವಿನ ಹನ್ನೊಂದು ವರ್ಷ

ಔತಣ ಕೊಟ್ಟವನು ಗೆದ್ದವನು, ಉಣ್ಣಲು ಕುಳಿತವರು ಸೋಲೊಪ್ಪಿ ಬಂದವರು. ಗೆದ್ದವನು ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು ಮದ್ಯದ ಬಟ್ಟಲು ಎತ್ತುತ್ತಿದ್ದ. ಅವನ ಬೆನ್ನ ಹಿಂದೆ ಒಬ್ಬ ದೈತ್ಯ ಆಳು, ಕೈಯಲ್ಲಿ ಒಂದಡಿ ಅಗಲದ ಅಲಗಿನ ಕೊಡಲಿ. ಯಜಮಾನ ಯಾರ ಮುಂದೆ ನಿಂತರೆ ಅವರತ್ತ ಇವನು ಕೊಡಲಿ ಎತ್ತಿ ದುರುಗುಟ್ಟಿ ನೋಡುತ್ತಿದ್ದ. ಊಟ ಮುಗಿಯುವವರೆಗೂ ಅತಿಥಿಗಳಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಇದು ನಡೆದದ್ದು ಕ್ರಿ.ಶ. 197ರ ಆರಂಭದಲ್ಲಿ, ಚೀನಾದ ವಾನ್ ಎಂಬ ಕೋಟೆಯೂರಿನಲ್ಲಿ. ಇಂದಿನ ಹೆನಾನ್ ಪ್ರಾಂತ್ಯದ ನಾನ್‌ಯಾಂಗ್ ನಗರ ಅದು. ಔತಣ ಕೊಟ್ಟವನು ತ್ಸಾವೊ ತ್ಸಾವೊ, ಮುಂದೆ ಉತ್ತರ ಚೀನಾವನ್ನೆಲ್ಲ ಕೈವಶ ಮಾಡಿಕೊಂಡವನು. ಕೊಡಲಿಯ ಆಳು ಅವನ ಅಂಗರಕ್ಷಕ ಡಿಯಾನ್ ವೇ. ತಲೆ ತಗ್ಗಿಸಿ ಕುಳಿತವರಲ್ಲಿ ಮುಖ್ಯನಾದವನು ಜಾಂಗ್ ಶಿಯು. ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ ಆ ಅಂಗರಕ್ಷಕ ಹೆಣವಾಗಿದ್ದ; ತ್ಸಾವೊ ತ್ಸಾವೊನ ಹಿರಿಯ ಮಗನೂ ಒಡಹುಟ್ಟಿದವನ ಮಗನೊಬ್ಬನೂ ಸತ್ತಿದ್ದರು; ಸ್ವತಃ ತ್ಸಾವೊ ತ್ಸಾವೊ ಬಲತೋಳಿಗೆ ಬಾಣ ತಗುಲಿಸಿಕೊಂಡು, ಮಗನ ಕುದುರೆ ಏರಿ ಓಡಿದ್ದ. ಇಷ್ಟೆಲ್ಲ ಮಾಡಿದ್ದು ಜಾಂಗ್ ಶಿಯು. ಮೂರು ವರ್ಷ ತುಂಬುವ ಮೊದಲೇ ಅದೇ ತ್ಸಾವೊ ತ್ಸಾವೊ ಅದೇ ಜಾಂಗ್ ಶಿಯುವಿನ ಕೈ ಹಿಡಿದು ಔತಣಕ್ಕೆ ಕರೆದೊಯ್ದ, ಇನ್ನೊಬ್ಬ ಮಗನಿಗೆ ಅವನ ಮಗಳನ್ನು ತಂದುಕೊಂಡು ಬೀಗನಾದ.

ಮಗನನ್ನು ಕೊಂದವನೊಂದಿಗೆ ಬೀಗತನ ಹೇಗೆ ಸಾಧ್ಯವಾಯಿತು? ತ್ಸಾವೊ ತ್ಸಾವೊನ ದೊಡ್ಡ ಮನಸ್ಸು ಎಂದು ಹೇಳಿ ಕೈತೊಳೆದುಕೊಳ್ಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಉತ್ತರ ಸಾಲದು. ಚಿಕ್ಕ ಸೇನಾನಾಯಕನೊಬ್ಬ ಆ ಕಾಲದಲ್ಲಿ ಏನನ್ನು ತಿಂದು, ಯಾರ ನೆಲದಲ್ಲಿ ನಿಂತು, ಯಾವುದನ್ನು ಮಾರಿ ಬದುಕುತ್ತಿದ್ದ ಎಂಬುದು ತಿಳಿದರೆ ಮಾತ್ರ ಈ ಗಂಟು ಬಿಚ್ಚುತ್ತದೆ.

ಮೊದಲು ಹೆಸರಿನ ವಿಷಯ. ಚೀನೀಯರಲ್ಲಿ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ಹಿಂದೆ. ಈ ಕಥೆಯಲ್ಲಿ ಜಾಂಗ್‌ಗಳೂ ತ್ಸಾವೊಗಳೂ ಹಲವರು. ಹಾಗಾಗಿ ನಮ್ಮ ನಾಯಕನನ್ನು ಶಿಯು ಎಂದೂ, ತ್ಸಾವೊ ತ್ಸಾವೊನನ್ನು ಬರೀ ತ್ಸಾವೊ ಎಂದೂ ಕರೆಯುತ್ತೇನೆ.

ನಾಲ್ಕು ನೂರು ವರ್ಷಗಳ ಹಾನ್ ಸಾಮ್ರಾಜ್ಯ ಆಗ ಹೆಸರಿಗಷ್ಟೇ ಉಳಿದಿತ್ತು. 184ರಲ್ಲಿ ಹಳದಿ ರುಮಾಲಿನವರ ರೈತದಂಗೆ ಎದ್ದಿತು. ದಂಗೆ ಅಡಗಿಸಲು 188ರಲ್ಲಿ ಕೆಲವು ಪ್ರಾಂತ್ಯಗಳ ಅಧಿಪತಿಗಳಿಗೆ ಕಂದಾಯ ಮತ್ತು ಸೈನ್ಯ ಎರಡನ್ನೂ ಒಂದೇ ಕೈಯಲ್ಲಿ ಕೊಡಲಾಯಿತು. ಕೊಟ್ಟದ್ದನ್ನು ಮರಳಿ ಪಡೆಯುವ ಶಕ್ತಿ ಆಸ್ಥಾನಕ್ಕೆ ಮತ್ತೆ ಬರಲೇ ಇಲ್ಲ. 189ರಲ್ಲಿ ಪಶ್ಚಿಮ ಗಡಿಯ ಸೇನಾಪತಿ ಡಾಂಗ್ ಜುವೊ ರಾಜಧಾನಿ ಲುವೊಯಾಂಗ್‌ಗೆ ನುಗ್ಗಿ, ಮರುವರ್ಷ ಅದನ್ನು ಸುಟ್ಟು, ಬಾಲ ಚಕ್ರವರ್ತಿಯನ್ನು ಪಶ್ಚಿಮದ ಚಾಂಗ್‌ಆನ್‌ಗೆ ಎಳೆದೊಯ್ದ. 192ರಲ್ಲಿ ಅವನೂ ಕೊಲೆಯಾದ. ಅವನ ಸೈನ್ಯ ಮಾತ್ರ ಉಳಿಯಿತು, ತಲೆಯಿಲ್ಲದ ಮುಂಡದಂತೆ.

ಶಿಯು ಈ ಮುಂಡದ ಒಂದು ತುಂಡು. ಇಂದಿನ ಗಾನ್ಸು ಪ್ರಾಂತ್ಯದಲ್ಲಿದ್ದ ಜುಲಿ ಎಂಬ ಗಡಿ ತಾಲ್ಲೂಕಿನವನು, ಅಲ್ಲೇ ಸಣ್ಣ ನೌಕರಿಯಲ್ಲಿದ್ದವನು. ದಂಗೆಕೋರನೊಬ್ಬ ತಾಲ್ಲೂಕಿನ ಅಧಿಕಾರಿಯನ್ನು ಕೊಂದಾಗ, ಹೊಂಚು ಹಾಕಿ ಕಾದು ಅವನನ್ನು ಕೊಂದು ಮೇಲಧಿಕಾರಿಯ ಸೇಡು ತೀರಿಸಿದ. ಊರ ಹುಡುಗರು ಅವನ ಸುತ್ತ ನೆರೆದರು. ಚಿಕ್ಕ ನಾಯಕರೆಲ್ಲ ಹುಟ್ಟುತ್ತಿದ್ದದ್ದು ಸರಿಸುಮಾರು ಹೀಗೆ: ಒಂದು ಕೊಲೆ, ಒಂದಿಷ್ಟು ಹೆಸರು, ನೂರಾರು ಹುಡುಗರು. ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕಿದ್ದ ಜಾಂಗ್ ಜಿ ಡಾಂಗ್ ಜುವೊನ ದಳಪತಿಗಳಲ್ಲೊಬ್ಬ. ಶಿಯು ಅವನ ಹಿಂದೆ ಹೋದ.

ಡಾಂಗ್ ಜುವೊ ಸತ್ತ ಸುದ್ದಿ ಬಂದಾಗ ಅವನ ದಳಪತಿಗಳು ಸೈನ್ಯ ಚದುರಿಸಿ ಊರಿಗೆ ಓಡಿಹೋಗಲು ಹೊರಟಿದ್ದರು. ತಡೆದವನು ಜಿಯಾ ಶೂ ಎಂಬ ಸಲಹೆಗಾರ, ಅವನೂ ಅದೇ ಗಡಿ ಸೀಮೆಯವನು. ಚದುರಿ ಒಂಟಿಯಾಗಿ ಹೋದರೆ ದಾರಿಯ ಠಾಣೆಯ ಒಬ್ಬ ಕಾವಲುಗಾರನೂ ನಿಮ್ಮನ್ನು ಹಗ್ಗ ಕಟ್ಟಿ ಹಿಡಿದಾನು, ಸೈನ್ಯ ಕಟ್ಟಿಕೊಂಡು ಚಾಂಗ್‌ಆನ್ ಮೇಲೆಯೇ ಬೀಳಿ ಎಂದ. ಬಿದ್ದರು, ಗೆದ್ದರು, ಚಕ್ರವರ್ತಿ ಅವರ ಕೈಗೆ ಸಿಕ್ಕಿದ, ಆ ಸೀಮೆ ಹಾಳು ಬಿದ್ದುಹೋಯಿತು. ಜಿಯಾ ಶೂನನ್ನು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ನಾಯಕನಿಗಿಂತ ಹೆಚ್ಚು ಬುದ್ಧಿವಂತ ಅವನು, ಎಷ್ಟೋ ಸಲ ಹೆಚ್ಚು ಅಪಾಯಕಾರಿ ಕೂಡ.

196ರ ಹೊತ್ತಿಗೆ ಜಾಂಗ್ ಜಿಯ ಸೈನಿಕರಿಗೆ ತಿನ್ನಲು ಇರಲಿಲ್ಲ. ಈ ಯುಗದ ಯುದ್ಧಗಳನ್ನು ಶೌರ್ಯದ ಕಥೆಗಳಾಗಿ ಓದುವ ಚಟ ನಮಗಿದೆ. ದಾಖಲೆಗಳಲ್ಲಿ ಮತ್ತೆ ಮತ್ತೆ ಸಿಗುವ ಕಾರಣ ಮಾತ್ರ ಕಾಳು. ಜಾಂಗ್ ಜಿ ಹಸಿದ ದಂಡನ್ನು ಕಟ್ಟಿಕೊಂಡು ದಕ್ಷಿಣದ ನಾನ್‌ಯಾಂಗ್ ಸೀಮೆಗೆ ಇಳಿದ. 140ರ ಜನಗಣತಿಯಲ್ಲಿ ಸುಮಾರು 24 ಲಕ್ಷ ಜನರಿದ್ದ, ಸಾಮ್ರಾಜ್ಯದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆ ಅದು. ಆದರೆ ಇವನು ಬರುವ ಮೂರು ವರ್ಷ ಮೊದಲೇ ಯುವಾನ್ ಶೂ ಎಂಬ ಇನ್ನೊಬ್ಬ ಸೇನಾನಾಯಕ ಮಿತಿಯಿಲ್ಲದ ಸುಲಿಗೆ ನಡೆಸಿ ಜಾಗ ಖಾಲಿ ಮಾಡಿದ್ದ. ರಾಂಗ್ ಎಂಬ ಊರಿನ ಮೇಲೆ ಬಿದ್ದ ಜಾಂಗ್ ಜಿಗೆ ಎಲ್ಲಿಂದಲೋ ಬಂದ ಬಾಣವೊಂದು ತಗುಲಿ ಅಲ್ಲೇ ಸತ್ತ.

ಆ ಸೀಮೆ ಜಿಂಗ್ ಪ್ರಾಂತ್ಯದ ಅಧಿಪತಿ ಲಿಯು ಬಿಯಾವೊಗೆ ಸೇರಿದ್ದು. ದಾಳಿಕೋರ ಸತ್ತನೆಂದು ಅವನ ಅಧಿಕಾರಿಗಳು ಅಭಿನಂದಿಸಲು ಬಂದರು. ಅವನು ಹೇಳಿದ್ದು ಹೀಗೆ: ಜಾಂಗ್ ಜಿ ದಿಕ್ಕುಗೆಟ್ಟು ಬಂದ, ಮನೆಯ ಯಜಮಾನನಾದ ನಾನು ಮರ್ಯಾದೆಯಿಂದ ನಡೆದುಕೊಳ್ಳಲಿಲ್ಲ, ಅದರಿಂದ ಜಗಳವಾಯಿತು, ನಾನು ಸಂತಾಪವನ್ನು ಸ್ವೀಕರಿಸುತ್ತೇನೆ, ಅಭಿನಂದನೆಯನ್ನಲ್ಲ. ಕೇಳಲು ಬಹಳ ಚೆನ್ನಾಗಿದೆ. ಅವನ ಲೆಕ್ಕ ಇನ್ನೂ ಚೆನ್ನಾಗಿತ್ತು. ಈ ಮಾತು ಕಿವಿಗೆ ಬಿದ್ದದ್ದೇ ಹಸಿದ ಸೈನಿಕರು ಅವನ ಕಡೆ ವಾಲಿದರು. ಸೈನ್ಯದ ಹೊಣೆ ಹೊತ್ತ ಶಿಯು ವಾನ್ ಕೋಟೆಯಲ್ಲಿ ನೆಲೆನಿಂತ. ಲಿಯು ಬಿಯಾವೊ ತನ್ನ ಉತ್ತರ ಬಾಗಿಲಿಗೆ ಕೂಳು ಹಾಕಿ ಒಬ್ಬ ಕಾವಲುಗಾರನನ್ನು ಇಟ್ಟುಕೊಂಡಂತಾಯಿತು.

ಇದನ್ನೆಲ್ಲ ಓದುವ ಕನ್ನಡಿಗರಿಗೆ ಪಾಳೆಯಗಾರ ಎಂಬ ಪದ ನಾಲಿಗೆಯ ತುದಿಗೆ ಬರುತ್ತದೆ. ಸ್ವಲ್ಪ ತಡೆಯಿರಿ. ಪಾಳೆಯಗಾರನಿಗೆ ಸೀಮೆ ಇರುತ್ತದೆ, ತಲೆಮಾರುಗಳ ಒಕ್ಕಲು ಇರುತ್ತದೆ, ಊರ ದೇವರ ಮುಂದೆ ಅವನಿಗೆ ಮೊದಲ ತಾಂಬೂಲ ಸಲ್ಲುತ್ತದೆ. ಶಿಯುವಿಗೆ ಇದ್ದದ್ದು ನೂರಾರು ಮೈಲಿ ದೂರದಿಂದ ಬಂದ ಗಡಿನಾಡಿನ ದಂಡು ಮಾತ್ರ. ಆಸ್ಥಾನದಿಂದ ಬಂದ ಸೇನಾಪತಿ ಪಟ್ಟವೂ ಒಂದು ಜಹಗೀರಿಯ ಬಿರುದೂ ಇದ್ದವು, ಅವುಗಳಿಂದ ಒಂದು ಹೊತ್ತಿನ ಗಂಜಿಯೂ ಬೇಯುತ್ತಿರಲಿಲ್ಲ. ತ್ಸಾವೊನ ಸಲಹೆಗಾರ ಶುನ್ ಯೋ ಮುಂದೆ ಒಮ್ಮೆ ಇವನ ಸ್ಥಿತಿಯನ್ನು ಒಂದೇ ಮಾತಿನಲ್ಲಿ ಹಿಡಿದಿಟ್ಟ: ಇದು ಅಲೆಮಾರಿ ಸೈನ್ಯ, ಅನ್ನಕ್ಕೆ ಲಿಯು ಬಿಯಾವೊನ ಮುಖ ನೋಡುತ್ತಿದೆ, ಅವನು ಕೊನೆಯವರೆಗೆ ಹಾಕಲಾರ, ಇಬ್ಬರೂ ಬೇರೆಯಾಗಲೇಬೇಕು.

ಅದೇ 196ರಲ್ಲಿ ತ್ಸಾವೊ ಚಕ್ರವರ್ತಿಯನ್ನು ತನ್ನ ನೆಲೆಯಾದ ಇಂದಿನ ಶೂಚಾಂಗ್‌ಗೆ ಕರೆತಂದ. ಅದೇ ವರ್ಷ ಅಲ್ಲಿ ಬೀಳುಬಿದ್ದ ಹೊಲಗಳಲ್ಲಿ ಸರ್ಕಾರಿ ಬೇಸಾಯ ಶುರುಮಾಡಿಸಿ ‘ಹೂ’ ಎಂಬ ಅಳತೆಯಲ್ಲಿ ಹತ್ತು ಲಕ್ಷದಷ್ಟು ಧಾನ್ಯ ಕಣಜಕ್ಕೆ ತುಂಬಿಸಿದ. ಚಕ್ರವರ್ತಿಯನ್ನು ಕರೆತಂದದ್ದಕ್ಕಿಂತ ಈ ಕಣಜವೇ ದೊಡ್ಡ ಸಾಧನೆ ಎನ್ನುವವನು ನಾನು. ವಾನ್‌ನಿಂದ ಶೂಚಾಂಗ್‌ಗೆ ನೇರ ದೂರ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಬಗಲಲ್ಲಿ ಇಂಥ ಮುಳ್ಳು ಇಟ್ಟುಕೊಂಡು ತ್ಸಾವೊ ಎಲ್ಲಿಗೂ ದಂಡೆತ್ತಿ ಹೋಗುವಂತಿರಲಿಲ್ಲ. 197ರ ಮೊದಲ ತಿಂಗಳಲ್ಲಿ ಅವನು ಬಂದು ಯೂ ನದಿಯ ದಂಡೆಯಲ್ಲಿ ಬೀಡುಬಿಟ್ಟ. ಶಿಯು ಕಾದಾಡದೆ ಶರಣಾದ.

ಶರಣಾಗತಿ ಎಂದರೆ ಆಗ ಏನೆಂದು ಇಲ್ಲಿ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗದು. ಶರಣಾದವನ ಸೈನ್ಯ ಅವನ ಕೈಯಲ್ಲೇ ಉಳಿಯುತ್ತಿತ್ತು. ಸೈನಿಕರು ನಿಷ್ಠರಾಗಿದ್ದದ್ದು ನಾಯಕನಿಗೆ. ಅವನನ್ನು ಕಿತ್ತರೆ ಸೈನ್ಯ ಚದುರುತ್ತಿತ್ತು, ಆಗ ಗೆದ್ದವನಿಗೆ ಸಿಕ್ಕಿದ್ದೇನು? ಹಾಗಾಗಿ ಸೈನ್ಯವನ್ನು ಅವನಲ್ಲೇ ಬಿಟ್ಟು, ಅವನ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ತನ್ನ ಊರಿನಲ್ಲಿ ಇರಿಸಿಕೊಳ್ಳುವುದು ರೂಢಿ. ಒತ್ತೆ ಬರುವವರೆಗೆ ಶರಣಾಗತಿ ಬರೀ ಬಾಯಿಮಾತು. ತ್ಸಾವೊ ಈ ಒಂದು ಕೆಲಸವನ್ನು ಮಾಡಲಿಲ್ಲ. ಬದಲಿಗೆ ಸತ್ತ ಜಾಂಗ್ ಜಿಯ ಹೆಂಡತಿಯನ್ನು ತನ್ನ ಬಿಡಾರಕ್ಕೆ ತರಿಸಿಕೊಂಡ.

ಆ ಹೆಂಗಸಿನ ಹೆಸರನ್ನು ಇತಿಹಾಸಕಾರರು ಬರೆದಿಡಲಿಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಬಂದ ಕಾದಂಬರಿಯೊಂದು ಅವಳಿಗೆ ಮನೆತನದ ಹೆಸರು ಕೊಟ್ಟು, ರೂಪ ಕೊಟ್ಟು, ಇಡೀ ಅನಾಹುತವನ್ನು ಅವಳ ಸೌಂದರ್ಯದ ತಲೆಗೆ ಕಟ್ಟಿತು. ಮೂಲ ದಾಖಲೆಯಲ್ಲಿ ಅವಳು ‘ಜಿಯ ಹೆಂಡತಿ’, ಅಷ್ಟೇ. ಅವಳ ಇಷ್ಟವೇನಿತ್ತೆಂದು ಯಾರೂ ಕೇಳಿಲ್ಲ. ಶಿಯುವಿಗೆ ಇದು ಕುಟುಂಬದ ಅವಮಾನ. ಜೊತೆಗೆ ಇನ್ನೊಂದು ಸುದ್ದಿ: ಅವನ ಆಪ್ತ ಭಟ ಹೂ ಚೆ-ಅರ್‌ನ ಶೌರ್ಯ ಮೆಚ್ಚಿ ತ್ಸಾವೊ ಅವನಿಗೆ ಕೈಯಾರೆ ಚಿನ್ನ ಕೊಟ್ಟಿದ್ದ. ಚಿಕ್ಕಮ್ಮ ಹೋದಳು, ಈಗ ಭಟರೂ ಹೋಗುತ್ತಿದ್ದಾರೆ. ಇತ್ತ ಶಿಯುವಿನ ಸಿಟ್ಟು ತಿಳಿದ ತ್ಸಾವೊ ಅವನನ್ನು ಗುಟ್ಟಾಗಿ ಮುಗಿಸಲು ಹವಣಿಸಿದ. ಗುಟ್ಟು ಸೋರಿತು.

ಮುಂದಿನ ಉಪಾಯ ಜಿಯಾ ಶೂನದು ಎನ್ನುತ್ತದೆ ಒಂದು ದಾಖಲೆ. ಆ ಹೊತ್ತಿಗೆ ಅವನು ಶಿಯುವಿನ ಬಳಿ ಸೇರಿದ್ದ, ಶಿಯು ಅವನನ್ನು ಮನೆಯ ಹಿರಿಯನಂತೆ ಕಾಣುತ್ತಿದ್ದ. ಬೀಡು ಬದಲಿಸಬೇಕು, ದಾರಿ ನಿಮ್ಮ ಪಾಳೆಯದ ನಡುವೆಯೇ ಹಾದುಹೋಗುತ್ತದೆ ಎಂದು ಶಿಯು ತ್ಸಾವೊನ ಅನುಮತಿ ಕೇಳಿದ. ಗಾಡಿಗಳು ಕಡಿಮೆ, ಹೊರೆ ಹೆಚ್ಚು, ಆದ್ದರಿಂದ ಸೈನಿಕರು ಕವಚಗಳನ್ನು ಮೈಮೇಲೇ ತೊಟ್ಟು ನಡೆಯಲು ಅಪ್ಪಣೆಯಾಗಬೇಕು ಎಂದೂ ಸೇರಿಸಿದ. ತ್ಸಾವೊ ಆಗಲಿ ಎಂದ. ಶಸ್ತ್ರ ತೊಟ್ಟ ದಂಡು ಅವನ ಅನುಮತಿಯಿಂದಲೇ ಅವನ ಪಾಳೆಯದ ಹೊಟ್ಟೆಯೊಳಕ್ಕೆ ನಡೆದುಬಂದು, ಅಲ್ಲಿಂದ ತಿರುಗಿ ಬಿತ್ತು. ಡಿಯಾನ್ ವೇ ಬಾಗಿಲು ಬಿಟ್ಟು ಕದಲದೆ ಕಾದಿ ಸತ್ತ. ತ್ಸಾವೊನ ಕುದುರೆಗೆ ಕೆನ್ನೆಗೂ ಕಾಲಿಗೂ ಬಾಣ ಬಿತ್ತು. ಹಿರಿಮಗ ಆಂಗ್ ತನ್ನ ಕುದುರೆಯನ್ನು ತಂದೆಗೆ ಕೊಟ್ಟು ತಾನು ಉಳಿದ, ಉಳಿದವನು ಬದುಕಲಿಲ್ಲ. ಇನ್ನೊಬ್ಬ ಮಗ ಪೀ, ಚೀನೀ ಲೆಕ್ಕದಲ್ಲಿ ಹನ್ನೊಂದರ ಹುಡುಗ, ಕುದುರೆ ಓಡಿಸಿಕೊಂಡು ಪಾರಾದ. ತಾನು ಹೇಗೆ ತಪ್ಪಿಸಿಕೊಂಡೆ ಎಂಬುದನ್ನು ಅವನೇ ಮುಂದೆ ಬರೆದಿಟ್ಟಿದ್ದಾನೆ, ತನ್ನ ವಯಸ್ಸು ಹತ್ತು ಎಂದು ಹೇಳಿಕೊಂಡು.

ಸೋತು ನಿಂತ ತ್ಸಾವೊ ತನ್ನ ದಳಪತಿಗಳಿಗೆ ಹೇಳಿದ ಮಾತು ದಾಖಲಾಗಿದೆ: ಶಿಯು ಶರಣಾದ ಕೂಡಲೇ ಒತ್ತೆ ತೆಗೆದುಕೊಳ್ಳದೆ ಹೋದದ್ದೇ ನನ್ನ ತಪ್ಪು, ಸೋತದ್ದೇಕೆಂದು ನನಗೆ ಗೊತ್ತು, ಇನ್ನು ಮೇಲೆ ಹೀಗೆ ಸೋಲುವುದಿಲ್ಲ. ವಿಧವೆಯ ವಿಷಯ ಈ ಮಾತಿನಲ್ಲಿ ಎಲ್ಲೂ ಇಲ್ಲ. ಆಡಳಿತದ ಲೋಪವೊಂದನ್ನು ಒಪ್ಪಿಕೊಂಡು, ಮನುಷ್ಯನಾಗಿ ಮಾಡಿದ್ದನ್ನು ನುಂಗಿಕೊಂಡ.

ಅವನ ಮನೆಯಲ್ಲಿ ಮಾತ್ರ ಅದು ನುಂಗುವಂಥದ್ದಾಗಿರಲಿಲ್ಲ. ಆಂಗ್‌ನನ್ನು ಹೆತ್ತವಳು ಬೇಗನೆ ತೀರಿಹೋಗಿದ್ದಳು. ಪಟ್ಟದ ಹೆಂಡತಿ ಡಿಂಗ್ ಅವನನ್ನು ಸಾಕಿದ್ದಳು. ನನ್ನ ಮಗನನ್ನು ಕೊಂದೆ, ಒಂದು ದಿನವಾದರೂ ನೆನೆದೆಯಾ ಎಂದು ಅವಳು ಅತ್ತದ್ದು ನಿಲ್ಲಲಿಲ್ಲ. ಬೇಸತ್ತ ತ್ಸಾವೊ ಅವಳನ್ನು ತವರಿಗೆ ಕಳುಹಿಸಿದ. ಆಮೇಲೆ ತಾನೇ ಕರೆಯಲು ಹೋದ. ಅವಳು ಮಗ್ಗದ ಮುಂದೆ ಕುಳಿತು ನೇಯುತ್ತಿದ್ದಳು. ಬೆನ್ನು ಸವರಿ, ಗಾಡಿಯಲ್ಲಿ ಒಟ್ಟಿಗೆ ಹೋಗೋಣವೇ ಎಂದ. ಅವಳು ತಿರುಗಿ ನೋಡಲಿಲ್ಲ. ಹೊಸ್ತಿಲ ಹೊರಗೆ ನಿಂತು ಮತ್ತೊಮ್ಮೆ ಕೇಳಿದ. ಉತ್ತರ ಬರಲಿಲ್ಲ. ಚಕ್ರವರ್ತಿಯನ್ನೇ ಕೈಯಲ್ಲಿಟ್ಟುಕೊಂಡವನನ್ನು ಬಾಗಿಲಾಚೆ ನಿಲ್ಲಿಸಿ ನೇಯುತ್ತಲೇ ಇದ್ದ ಈ ಹೆಂಗಸು ನನಗೆ ಈ ಯುಗದ ಎಷ್ಟೋ ಸೇನಾಪತಿಗಳಿಗಿಂತ ದೊಡ್ಡವಳಾಗಿ ಕಾಣುತ್ತಾಳೆ. ಅವಳ ಜಾಗಕ್ಕೆ ಪೀಯ ತಾಯಿ ಬಂದಳು. ಹಿರಿಯನಿಲ್ಲದ ಮನೆಯಲ್ಲಿ ಪೀ ಉತ್ತರಾಧಿಕಾರಿಯಾದ, 220ರಲ್ಲಿ ಹಾನ್ ವಂಶವನ್ನು ಕೊನೆಗಾಣಿಸಿ ವೇ ರಾಜ್ಯದ ಚಕ್ರವರ್ತಿಯಾದ. ಅಲೆಮಾರಿ ಸೈನ್ಯವೊಂದರ ಒಂದು ದಾಳಿ ಅಷ್ಟು ದೂರ ಹೋಗಿ ಮುಟ್ಟಿತು.

ಶಿಯು ರಾಂಗ್ ಊರಿಗೆ ಸರಿದು ಮತ್ತೆ ಲಿಯು ಬಿಯಾವೊನ ಬಗಲಿಗೆ ಹೋದ. 198ರಲ್ಲಿ ತ್ಸಾವೊ ರಾಂಗ್‌ಗೆ ಮುತ್ತಿಗೆ ಹಾಕಿದ. ಅನ್ನದ ಲೆಕ್ಕ ಹಾಕಿದ್ದ ಶುನ್ ಯೋ, ಬಿಟ್ಟುಬಿಡಿ, ತಾವಾಗಿಯೇ ಮುರಿದುಕೊಳ್ಳುತ್ತಾರೆ, ಒತ್ತಿದರೆ ಒಂದಾಗುತ್ತಾರೆ ಎಂದದ್ದು ಆಗಲೇ. ತ್ಸಾವೊ ಕೇಳಲಿಲ್ಲ, ಅವರು ಒಂದಾದರು. ಇತ್ತ ಉತ್ತರದ ಬಲಾಢ್ಯ ಯುವಾನ್ ಶಾವೊ ಶೂಚಾಂಗ್ ಮೇಲೆ ಬರುವನೆಂಬ ಸುದ್ದಿ ಹಬ್ಬಿ ತ್ಸಾವೊ ಹಿಂದೆಗೆದ.

ಬೆನ್ನಟ್ಟಲು ಶಿಯು ಹೊರಟ. ಬೇಡ, ಸೋಲುತ್ತೀರಿ ಎಂದ ಜಿಯಾ ಶೂ. ಹೋದ, ಸೋತು ಬಂದ. ಈಗ ಬೇಗ ಮತ್ತೆ ಹೋಗಿ, ಗೆಲ್ಲುತ್ತೀರಿ ಎಂದ ಅದೇ ಜಿಯಾ ಶೂ. ಚದುರಿದ ಆಳುಗಳನ್ನೇ ಕೂಡಿಸಿಕೊಂಡು ಹೋದ, ಗೆದ್ದ. ಕಕ್ಕಾಬಿಕ್ಕಿಯಾಗಿ ಕಾರಣ ಕೇಳಿದಾಗ ಸಿಕ್ಕಿದ ಉತ್ತರ: ಹಿಂದೆಗೆಯುವಾಗ ತ್ಸಾವೊ ಸ್ವತಃ ಬೆಂಗಾವಲಿಗೆ ನಿಂತಿರುತ್ತಾನೆ, ನೀವು ಅವನಿಗೆ ಸಾಟಿಯಲ್ಲ. ಶಕ್ತಿ ಇದ್ದೂ ಹೊರಟನೆಂದರೆ ಊರಿನಲ್ಲಿ ಏನೋ ಕೆಟ್ಟಿದೆ. ನಿಮ್ಮನ್ನು ಒಮ್ಮೆ ಸೋಲಿಸಿದ ಮೇಲೆ ಹಗುರಾಗಿ ಮುಂದೆ ಓಡುತ್ತಾನೆ, ಹಿಂದೆ ಉಳಿಯುವುದು ಅವನ ದಳಪತಿಗಳು. ಅವರು ನಿಮಗೆ ಸಾಟಿಯಲ್ಲ.

ನಿಜವಾದ ಬುದ್ಧಿಪರೀಕ್ಷೆ ಬಂದದ್ದು 199ರಲ್ಲಿ. ಯುವಾನ್ ಶಾವೊ ಮತ್ತು ತ್ಸಾವೊ ಎದುರುಬದುರು ನಿಂತಿದ್ದರು. ಕೋಣ ಕೋಣ ಕಾದಾಡಿದರೆ ಗಿಡಕ್ಕೆ ಆಪತ್ತು ಎನ್ನುತ್ತೇವೆ. ಇಲ್ಲಿ ಗಿಡ ತನಗೆ ಯಾವ ಕೋಣ ಎಂದು ಆರಿಸಿಕೊಳ್ಳಬೇಕಿತ್ತು. ಯುವಾನ್ ಶಾವೊನ ದೂತ ಸ್ನೇಹ ಕೋರಿ ಬಂದ, ಶಿಯು ಒಪ್ಪುವವನಿದ್ದ. ಆ ಸಭೆಯಲ್ಲೇ ಜಿಯಾ ಶೂ ಎದ್ದು ದೂತನಿಗೆ ಹೇಳಿದ: ಹೋಗಿ ನಿಮ್ಮ ಯಜಮಾನನಿಗೆ ತಿಳಿಸು, ಒಡಹುಟ್ಟಿದವನನ್ನೇ ಸಹಿಸಲಾರದವನು ನಾಡಿನ ಪ್ರಮುಖರನ್ನು ಸಹಿಸಿಯಾನೇ? ವಾನ್ ಸೀಮೆಯನ್ನು ಸುಲಿದ ಯುವಾನ್ ಶೂ ಮತ್ತು ಈ ಯುವಾನ್ ಶಾವೊ ಒಂದೇ ಮನೆಯವರು, ಪರಸ್ಪರ ವೈರಿಗಳು. ಶಿಯುವಿನ ಎದೆ ಧಸಕ್ಕೆಂದಿತು. ಇಷ್ಟರವರೆಗೆ ಹೋಗಬೇಕಿತ್ತೇ, ಈಗ ಯಾರ ಬಳಿ ಹೋಗುವುದು ಎಂದು ಪಿಸುಗುಟ್ಟಿದ. ತ್ಸಾವೊನ ಬಳಿಗೆ ಎಂದ ಜಿಯಾ ಶೂ.

ಶಿಯು ಹೇಳಿದ್ದು ಯಾರಾದರೂ ಹೇಳುವಂಥದ್ದೇ: ಯುವಾನ್ ಬಲಿಷ್ಠ, ತ್ಸಾವೊ ದುರ್ಬಲ, ಮೇಲಾಗಿ ನನಗೂ ಅವನಿಗೂ ಹಗೆತನ. ಜಿಯಾ ಶೂ ಅದೇ ಕಾರಣಗಳನ್ನು ತಿರುಗಿಸಿ ಹಿಡಿದ. ತ್ಸಾವೊನ ಕೈಯಲ್ಲಿ ಚಕ್ರವರ್ತಿ ಇದ್ದಾನೆ, ಅವನ ಕಡೆ ಹೋದರೆ ಹೇಳಿಕೊಳ್ಳಲು ಒಂದು ಹೆಸರಿದೆ. ಬಲಿಷ್ಠನಿಗೆ ನಮ್ಮ ಸಣ್ಣ ದಂಡು ಲೆಕ್ಕಕ್ಕಿಲ್ಲ, ದುರ್ಬಲನಿಗೆ ಅದು ಸಂಭ್ರಮ. ಇನ್ನು ಹಗೆ: ನಾಡನ್ನು ಆಳಬೇಕೆಂದಿರುವವನು ಸ್ವಂತ ಹಗೆಯನ್ನು ಬಿಟ್ಟುಕೊಟ್ಟು ಲೋಕಕ್ಕೆ ತೋರಿಸಲು ಅವಕಾಶ ಹುಡುಕುತ್ತಿರುತ್ತಾನೆ.

ಮೂರನೆಯ ಕಾರಣವನ್ನು ನಿಧಾನವಾಗಿ ಓದಬೇಕು. ಯುದ್ಧದ ಹೊಸ್ತಿಲಲ್ಲಿ ಎಷ್ಟೋ ಜನ ಯಾರ ಕಡೆ ಹೋಗುವುದೆಂದು ತೂಗಿ ನೋಡುತ್ತಿದ್ದರು, ತ್ಸಾವೊನ ವಿರುದ್ಧ ಒಮ್ಮೆಯಾದರೂ ಕತ್ತಿ ಎತ್ತಿದವರು ಅವರಲ್ಲಿ ಬಹಳ. ಮಗನನ್ನು ಕೊಂದವನಿಗೇ ಕ್ಷಮೆ ಸಿಕ್ಕಿತೆಂದರೆ ಉಳಿದವರು ಹೆದರಬೇಕಾದದ್ದೇನು? ಶಿಯು ಕಡಿಮೆ ತಪ್ಪು ಮಾಡಿದ್ದರೆ ಅವನಿಗೆ ಇಷ್ಟು ಬೆಲೆ ಬರುತ್ತಿರಲಿಲ್ಲ. ಆಂಗ್‌ನ ಸಾವನ್ನೇ ಜಿಯಾ ಶೂ ಸಂತೆಯ ಸರಕು ಮಾಡಿದ. ಬೆಲೆ ಏರಿದ್ದ ಹೊತ್ತೂ ಅದೇ. ಮರುವರ್ಷ ಗುವಾನ್‌ಡುವಿನಲ್ಲಿ ಯುವಾನ್ ಶಾವೊನನ್ನು ತ್ಸಾವೊ ಗೆದ್ದ ಮೇಲೆ ಇದೇ ಶಿಯು ಬಂದಿದ್ದರೆ ಅವನು ಬರೀ ಸಿಕ್ಕಿಬಿದ್ದ ಅಪರಾಧಿ. ಇಬ್ಬರೂ 199ರ ಹನ್ನೊಂದನೆಯ ತಿಂಗಳಲ್ಲಿ ಹೋಗಿ ಶರಣಾದರು. ತ್ಸಾವೊ ಜಿಯಾ ಶೂನ ಕೈ ಹಿಡಿದು, ಲೋಕ ನನ್ನನ್ನು ನಂಬುವಂತೆ ಮಾಡಿದವನು ನೀನು ಎಂದನಂತೆ. ಸರಕು ಯಾವುದೆಂದು ಅವನಿಗೂ ಗೊತ್ತಿತ್ತು. ತನ್ನ ಮಗ ಜುನ್‌ಗೆ ಶಿಯುವಿನ ಮಗಳನ್ನು ತಂದುಕೊಂಡ. ಬೀಗತನದ ಹೆಸರಿನಲ್ಲಿ, 197ರಲ್ಲಿ ಮರೆತಿದ್ದ ಒತ್ತೆಯೂ ಮನೆ ಸೇರಿತು ಎಂಬುದು ನನ್ನ ಅನುಮಾನ.

ಆಮೇಲಿನ ಶಿಯು ನಿಷ್ಠಾವಂತ ದಳಪತಿ, ಹೇಳಲು ಹೆಚ್ಚೇನಿಲ್ಲ. ಗುವಾನ್‌ಡುವಿನಲ್ಲಿ ಕಾದಿದ, 205ರಲ್ಲಿ ನಾನ್‌ಪಿಯಲ್ಲಿ ಯುವಾನ್ ಶಾವೊನ ಮಗನ ವಿರುದ್ಧವೂ ಕಾದಿದ. ಅವನ ಜಹಗೀರಿ 2,000 ಒಕ್ಕಲುಗಳಿಗೆ ಏರಿತು. ಯುದ್ಧದಿಂದ ನಾಡಿನ ಒಕ್ಕಲು ಹತ್ತಕ್ಕೆ ಒಂದು ಪಾಲು ಉಳಿದಿದ್ದ, ಬೇರೆ ಯಾವ ದಳಪತಿಗೂ 1,000 ಒಕ್ಕಲು ತುಂಬದಿದ್ದ ಕಾಲ ಅದು ಎನ್ನುತ್ತದೆ ಅವನ ಚರಿತ್ರೆ. ಜಾಹೀರಾತಿಗೆ ತ್ಸಾವೊ ಖರ್ಚು ಮಾಡುತ್ತಲೇ ಇದ್ದ.

207ರಲ್ಲಿ ಈಶಾನ್ಯದ ವೂಹುವಾನ್ ಬುಡಕಟ್ಟಿನ ಮೇಲಿನ ದಂಡಯಾತ್ರೆಯಲ್ಲಿ, ಲಿಯುಚೆಂಗ್ ತಲುಪುವ ಮೊದಲೇ ಶಿಯು ತೀರಿಕೊಂಡ. ಹೇಗೆ ಎಂದು ಚರಿತ್ರೆ ಹೇಳುವುದಿಲ್ಲ. ಇನ್ನೊಂದು ಹಳೆಯ ಬರಹ ಹೇಳುತ್ತದೆ: ಶಿಯು ಭೇಟಿಗೆ ಬಂದಾಗಲೊಮ್ಮೆ ಪೀ ಸಿಡಿದೆದ್ದು, ನನ್ನ ಅಣ್ಣನನ್ನು ಕೊಂದು ಯಾವ ಮುಖ ಹೊತ್ತು ಜನರ ಮುಂದೆ ನಿಲ್ಲುತ್ತೀಯೆ ಎಂದ, ನೆಮ್ಮದಿ ಕಳೆದುಕೊಂಡ ಶಿಯು ಆತ್ಮಹತ್ಯೆ ಮಾಡಿಕೊಂಡ. ಆ ಬರಹ ಪೀಯನ್ನು ಕರೆಯುವ ಪದವಿ ಅವನಿಗೆ ಸಿಕ್ಕಿದ್ದು 211ರಲ್ಲಿ. ನಂತರದ ಪದವಿಯಿಂದ ಹಿಂದಿನದನ್ನು ಹೇಳುವುದು ಬರೆಯುವವರ ರೂಢಿ, ಆ ಒಂದು ಕಾರಣಕ್ಕೆ ಕಥೆ ಸುಳ್ಳಾಗದು. ಕುದುರೆಯೇರಿ ಪಾರಾದ ಆ ಹುಡುಗನಿಗೆ ಆಗ ಚೀನೀ ಲೆಕ್ಕದಲ್ಲಿ ಇಪ್ಪತ್ತು ದಾಟಿತ್ತು. ತಂದೆಯ ಲೆಕ್ಕಾಚಾರದ ಕ್ಷಮೆಯಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. 219ರಲ್ಲಿ ಶಿಯುವಿನ ಮಗ ಜಾಂಗ್ ಚುವಾನ್ ಒಂದು ಪಿತೂರಿಯಲ್ಲಿ ಸಿಕ್ಕಿ ತಲೆ ಕಳೆದುಕೊಂಡ. ಜಹಗೀರಿ ಹೋಯಿತು. ಮರುವರ್ಷ ಸಾಯುತ್ತಿದ್ದ ತ್ಸಾವೊ, ಅಲ್ಲಿ ಆಂಗ್ ಸಿಕ್ಕಿ ನನ್ನ ತಾಯಿ ಎಲ್ಲಿ ಎಂದರೆ ಏನು ಹೇಳಲಿ ಎಂದು ಕೊರಗಿದನಂತೆ.

ಅಂದಿನ ಕವಚದ ಉಪಾಯ ಹೇಳಿಕೊಟ್ಟವನು ಏನಾದ? ಅದೇ ಪೀ ಪಟ್ಟಕ್ಕೆ ಬಂದವನೇ ಜಿಯಾ ಶೂನನ್ನು ರಾಜ್ಯದ ಅತ್ಯುನ್ನತ ಮೂರು ಪದವಿಗಳಲ್ಲೊಂದರಲ್ಲಿ ಕೂರಿಸಿದ. ಉತ್ತರಾಧಿಕಾರಿ ಯಾರೆಂದು ತ್ಸಾವೊ ತೂಗಿ ನೋಡುತ್ತಿದ್ದಾಗ ಉಳಿದವರಲ್ಲಿ ಹಿರಿಯನಾದ ಪೀಯ ಪರವಾಗಿ ಒಂದೇ ಒಂದು ಮಾತು ಹಾಕಿದವನು ಅವನು. ಹೊರಗಿನಿಂದ ಬಂದವನು, ಬುದ್ಧಿ ಆಳವಾದದ್ದು, ಆದ್ದರಿಂದ ಶಂಕೆಗೆ ಗುರಿಯಾದೇನು ಎಂದು ಅವನು ಮನೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದ, ಯಾರ ಮನೆಗೂ ಹೋಗುತ್ತಿರಲಿಲ್ಲ, ಮಕ್ಕಳಿಗೆ ದೊಡ್ಡ ಮನೆತನಗಳಿಂದ ಸಂಬಂಧ ತರಲಿಲ್ಲ. 223ರಲ್ಲಿ, 77ನೆಯ ವಯಸ್ಸಿನಲ್ಲಿ ತೀರಿಕೊಂಡ.